ಅಚ್ಚಾರ ಯಾರದು?

ಚಿತ್ರದುರ್ಗ

ನನ್ನನ್ನು ಫಿಲಿಪೈನ್ಸ್ ದೇಶಕ್ಕೆ ಕಳಿಸಿದ್ದು ನನ್ನ ತಂಗಿ ಗಿರಿಜೆ, ಅದೂ ತಪಾಸಣೆಗೆ. ಅವಳ ಮಗಳು ಸುಮಿತ್ರೆ ಭತ್ತದ ತಳಿಗಳ ಬಗ್ಗೆ ತರಬೇತಿ ಪಡೆಯಲು ಅಲ್ಲಿನ ಒಂದು ಸಂಶೋಧನಾ ಕೇಂದ್ರಕ್ಕೆ ಹೋಗಿ ವರ್ಷವಾಗಿತ್ತು. ಹಿರಿಯೂರಿನಲ್ಲಿ ಕೂತ ಗಿರಿಜೆಗೆ ಮಗಳ ಓದಿನ ಬಗ್ಗೆ ಚಿಂತೆಯಿರಲಿಲ್ಲ. ಯಾರದೋ ಮನೆಯಲ್ಲಿ ಕೋಣೆ ಹಿಡಿದು ಇದ್ದಾಳಲ್ಲ ಎಂಬುದೊಂದೇ ಕೊರಗು. ನಾನು ಆಗಷ್ಟೇ ನಿವೃತ್ತಳಾಗಿದ್ದೆ. ಚಿತ್ರದುರ್ಗದ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ವಾರ್ಡನ್ ಆಗಿ, ಬೆಳಗಿನ ಗಂಟೆಯಿಂದ ರಾತ್ರಿಯ ಗಂಟೆಯವರೆಗೆ ಬದುಕಿದವಳು ನಾನು. ಗಂಟೆ ಹೊಡೆಯದ ಮನೆಯಲ್ಲಿ ಕೂರುವುದು ಕಷ್ಟವಾಗಿತ್ತು.

"ಅಕ್ಕಾ, ನೀನೊಂದ್ ಸಲ ಹೋಗಿ ನೋಡ್ಕಂಡ್ ಬಾ," ಎಂದಳು ಗಿರಿಜೆ. "ಆ ಮನೆಯೋರು ಎಂಥೋರು, ಬಾಗ್ಲು ಎಷ್ಟೊತ್ತಿಗೆ ಹಾಕ್ತಾರೆ, ಏನ್ ಉಣ್ಣಾಕಿಡ್ತಾರೆ, ಎಲ್ಲಾ ನಿನ್ ಕಣ್ಣಿಗೆ ಬೀಳ್ತೈತೆ."

"ಇಷ್ಟಕ್ಕೆ ಸಮುದ್ರ ದಾಟ್ಬೇಕೇನೆ?"

"ಹಾಸ್ಟೆಲ್ನಾಗೆ ಹುಡುಗೀರು ನಿನ್ ಚಪ್ಲಿ ಸದ್ದಿಗೇ ದೀಪ ಆರಿಸ್ತಿದ್ರಂತೆ. ಆ ಚಪ್ಲಿನೇ ಹಾಕ್ಕಂಡ್ ಹೋಗು."

ಹೋದೆ. ಪೆಟ್ಟಿಗೆಯಲ್ಲಿ ಐದು ಹತ್ತಿ ಸೀರೆ, ಸುಮಿತ್ರೆಗೆಂದು ರಾಗಿ ಹಿಟ್ಟು, ಒಂದು ಅಲಾರಂ ಗಡಿಯಾರ. ಹೊಸದುರ್ಗದ ನಮ್ಮ ಬೀಗರು ಕೊನೆಯ ಗಳಿಗೆಯಲ್ಲಿ ಬಸ್ ಸ್ಟ್ಯಾಂಡಿಗೇ ಬಂದು ಒಂದು ಡಬ್ಬಿ ತುಂಬ ಕೊಬ್ಬರಿ ಬಟ್ಟಲು ಕೊಟ್ಟರು. ಪರದೇಶದಲ್ಲಿ ಹುಡುಗಿಗೆ ಒಳ್ಳೆಯ ಕೊಬ್ಬರಿ ಎಲ್ಲಿ ಸಿಗಬೇಕು ಎಂಬ ಕನಿಕರ ಅವರಿಗೆ.

ಮನಿಲಾ

ವಿಮಾನ ಇಳಿಯುವಾಗ ಕಿಟಕಿಯಿಂದ ನೋಡಿದೆ. ಕಣ್ಣು ಹಾಯುವವರೆಗೂ ತೆಂಗಿನ ಮರಗಳು. ಹೊಸದುರ್ಗದ ತೋಟಗಳನ್ನೆಲ್ಲ ತಂದು ಇದರ ಒಂದು ಮೂಲೆಯಲ್ಲಿ ಇಟ್ಟರೆ ಹುಡುಕಿಕೊಳ್ಳುವುದು ಕಷ್ಟ. ಮಡಿಲಲ್ಲಿದ್ದ ಡಬ್ಬಿಯನ್ನು ಸೀಟಿನ ಕೆಳಗೆ ಮೆಲ್ಲಗೆ ತಳ್ಳಿದೆ.

ಸುಂಕದ ಅಧಿಕಾರಿ ಅದನ್ನೇ ಮೊದಲು ತೆಗೆಸಿದ.

"ಏನಿದು, ಅಮ್ಮಾ?"

"ಕೊಬ್ಬರಿ."

ಅವನು ಡಬ್ಬಿ ಎತ್ತಿಕೊಂಡು ಪಕ್ಕದವನಿಗೆ ತೋರಿಸಿದ. ಪಕ್ಕದವನು ಇನ್ನೊಬ್ಬನನ್ನು ಕರೆದ. "ನೋಡ್ರಲೇ, ಈ ಅಮ್ಮ ನಮಗೆ ತೆಂಗಿನಕಾಯಿ ತಂದೌಳೆ!" ಮೂವರೂ ಒಂದೊಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಒಬ್ಬ ಮಾತ್ರ ಅಗಿಯುತ್ತ ಗಂಭೀರನಾಗಿ, "ರುಚಿ ಐತೆ ಕಣ್ರೋ," ಎಂದ. ಹೊಸದುರ್ಗದ ಮಾನ ಉಳಿಯಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿನವರು ನನ್ನೆದುರು ಹೆಚ್ಚಾಗಿ ಆಡಿದ್ದು ಇಂಗ್ಲಿಷಿನಲ್ಲಿ. ಅವರದೂ ಹಳ್ಳಿಯ ನಾಲಗೆಯ ಇಂಗ್ಲಿಷು, ನನ್ನದೂ ಅದೇ. ಹಾಗಾಗಿ ಅವರ ಮಾತನ್ನು ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನ ಕಿವಿಗೆ ಬಿದ್ದದ್ದು ಹಾಗೆಯೇ.

ಸುಮಿತ್ರೆ ಹೊರಗೆ ಕಾಯುತ್ತಿದ್ದಳು. ಜೊತೆಯಲ್ಲಿ ಅವಳ ಮನೆಯೊಡತಿಯ ಮಗಳು ಲೀತಾ, ಅದೇ ಕೇಂದ್ರದ ಕಚೇರಿಯಲ್ಲಿ ಟೈಪಿಸ್ಟ್. ಆ ಹುಡುಗಿ ಬಂದವಳೇ ನನ್ನ ಬಲಗೈ ಹಿಡಿದು ಬಗ್ಗಿ ತನ್ನ ಹಣೆಗೆ ಒತ್ತಿಕೊಂಡಳು. ಹಾಸ್ಟೆಲಿನಲ್ಲಿ ಜ್ವರ ಬಂದ ಹುಡುಗಿಯರು ಹೀಗೆಯೇ ನನ್ನ ಕೈಯನ್ನು ಹಣೆಗೆ ಎಳೆದುಕೊಳ್ಳುತ್ತಿದ್ದರು. ನಾನು ಅಂಗೈ ತಿರುಗಿಸಿ ಸರಿಯಾಗಿ ಮುಟ್ಟಿ ನೋಡಿ, "ಜ್ವರ ಏನಿಲ್ಲ, ನೀರು ಜಾಸ್ತಿ ಕುಡಿ," ಎಂದೆ.

"ದೊಡ್ಡಮ್ಮಾ!" ಸುಮಿತ್ರೆ ನನ್ನ ಸೊಂಟ ತಿವಿದಳು. "ಅದು ನಮಸ್ಕಾರ ಕಣೆ. ದೊಡ್ಡೋರ್ ಕಂಡ್ರೆ ಇಲ್ಲಿ ಹಂಗೇ ಮಾಡ್ತಾರೆ."

ಲೀತಾ ನಗುತ್ತಲೇ ಇದ್ದಳು. ಅಂದಿನಿಂದ ನನ್ನ ಕೈ ಹಿಡಿದಾಗಲೆಲ್ಲ, "ಜ್ವರ ಐತಾ ನೋಡ್ರಿ," ಎನ್ನುವುದು ಅವಳ ಅಭ್ಯಾಸವಾಯಿತು.

ಲಾಸ್ ಬಾನ್ಯೋಸ್

ಬೆಟ್ಟದ ಬುಡದ ಊರು. ಎದುರಿಗೆ ಒಂದು ದೊಡ್ಡ ಕೆರೆ, ನಮ್ಮ ಮಾರಿ ಕಣಿವೆ ಅಣೆಕಟ್ಟಿನ ನೀರನ್ನು ಎಷ್ಟೋ ಪಾಲು ಹಿಗ್ಗಿಸಿದ ಹಾಗೆ. ಆದರೆ ಮಾರಿ ಕಣಿವೆಯಲ್ಲಿ ನೀರು ಎಷ್ಟಿದೆ ಎಂದು ಹಿರಿಯೂರಿನವರು ದಿನವೂ ವಿಚಾರಿಸುತ್ತಾರೆ. ಇಲ್ಲಿ ಯಾರೂ ಕೆರೆಯ ಕಡೆ ತಿರುಗಿಯೂ ನೋಡುವುದಿಲ್ಲ. ಆಕಾಶದಿಂದ ದಿನವೂ ಬೇಕಾದಷ್ಟು ಬೀಳುತ್ತಿರುತ್ತದೆ.

ಮನೆಯೊಡತಿಯ ಹೆಸರು ನೆನಾ. ಎಲ್ಲರೂ 'ಆಲಿಂಗ್ ನೆನಾ' ಎನ್ನುತ್ತಿದ್ದರು, ನಾವು ಹೆಸರಿನ ಮುಂದೆ ಅಕ್ಕ ಎನ್ನುವ ಹಾಗೆ. ಗಂಡನಿಲ್ಲದ, ದೊಡ್ಡ ದನಿಯ, ದಪ್ಪ ತೋಳಿನ ಹೆಂಗಸು. ಮರದ ಮನೆ, ಕನ್ನಡಿಯಂತೆ ಹೊಳೆಯುವ ನೆಲ. ತೆಂಗಿನ ಕಾಯಿಯ ಅರ್ಧ ಸಿಪ್ಪೆಯ ಮೇಲೆ ಒಂದು ಕಾಲಿಟ್ಟು ಕುಣಿದ ಹಾಗೆ ಅತ್ತಿಂದಿತ್ತ ಉಜ್ಜಿ ಆ ಹೊಳಪು ತರುತ್ತಾರೆ. ಬಾಗಿಲು ಹೊತ್ತಿಗೆ ಸರಿಯಾಗಿ ಮುಚ್ಚುತ್ತಿತ್ತು. ಅಡುಗೆಮನೆಯ ಬಟ್ಟೆಗಳು ಬೇರೆ, ಕೈ ಒರೆಸುವ ಬಟ್ಟೆಗಳು ಬೇರೆ. ನನ್ನ ತಪಾಸಣೆ ಮೊದಲ ದಿನವೇ ಮುಗಿದುಹೋಯಿತು, ಉಳಿದ ದಿನಗಳಲ್ಲಿ ಏನು ಮಾಡುವುದು ಎಂಬ ಚಿಂತೆ ಹತ್ತಿತು.

ಆಗ ಆ ದೇಶದಲ್ಲಿ ಸೈನಿಕ ಕಾನೂನು. ನಡುರಾತ್ರಿಯ ಮೇಲೆ ಯಾರೂ ಬೀದಿಗೆ ಇಳಿಯುವಂತಿರಲಿಲ್ಲ. "ಇಡೀ ದೇಶಕ್ಕೇ ಹಾಸ್ಟೆಲಿನ ನಿಯಮ ಹಾಕ್ಯಾರಲ್ಲ," ಎಂದೆ ನಾನು ತಮಾಷೆಗೆ. ಎಲ್ಲದಕ್ಕೂ ನಗುವ ಆಲಿಂಗ್ ನೆನಾ ಅದಕ್ಕೆ ನಗಲಿಲ್ಲ. ಆ ಮಾತನ್ನು ನಾನು ಮತ್ತೆ ಆಡಲಿಲ್ಲ.

ಇಲ್ಲಿನವರು ಹೌದು ಎನ್ನಲು ತಲೆಯಾಡಿಸುವುದಿಲ್ಲ, ಹುಬ್ಬು ಎತ್ತುತ್ತಾರೆ. ನಾನು ಏನು ಕೇಳಿದರೂ ಬೆಚ್ಚಿಬೀಳುತ್ತಾರಲ್ಲ ಎಂದು ಎರಡು ದಿನ ತಿಳಿದಿದ್ದೆ. ಅವರಿಗೆ ನನ್ನ ತಲೆಯಾಟ ಇಲ್ಲವೆಂದು ಕಂಡು, ಎರಡನೆಯ ಸಲ ಕಾಫಿ ಹಾಕದೆ ಹೋದರು. ಬೆಳಗಿನ ಊಟಕ್ಕೂ ಮಧ್ಯಾಹ್ನದ ಊಟಕ್ಕೂ ನಡುವೆ ಒಂದು ತಿಂಡಿ, ಮಧ್ಯಾಹ್ನಕ್ಕೂ ರಾತ್ರಿಗೂ ನಡುವೆ ಇನ್ನೊಂದು. ಭೂಮಿ ಬಿರಿದರೂ ಅದು ತಪ್ಪುವುದಿಲ್ಲ. ಇಂಥ ಶಿಸ್ತನ್ನು ನಾನು ಮನಸಾರೆ ಒಪ್ಪಿದೆ.

ಅದೇ ಮನೆಯಲ್ಲಿ ಇನ್ನಿಬ್ಬರು ಹುಡುಗಿಯರು ಕೋಣೆ ಹಿಡಿದಿದ್ದರು, ಇಬ್ಬರೂ ಸುಮಿತ್ರೆಯ ಹಾಗೆ ಭತ್ತ ಕಲಿಯಲು ಬಂದವರು: ಇರಾನಿನ ಶಿರೀನ್, ಜಾವಾದ ವಾತಿ. ರಾತ್ರಿಯ ಊಟಕ್ಕೆ ನಾವೆಲ್ಲ ಒಂದೇ ಮೇಜಿಗೆ. ಅಲ್ಲಿ ನನ್ನ ಶಬ್ದಗಳ ಬೇಟೆ ಶುರುವಾಯಿತು.

ಊಟದ ಮೇಜು

ಲೀತಾ ಕೆನ್ನೆಗೆ ಅಕ್ಕಿಹಿಟ್ಟು ಮೆತ್ತಿಕೊಂಡು ಬಂದಾಗ ಅವಳಮ್ಮ ಗದರಿದ ಮಾತಿನಲ್ಲಿ 'ಮುಖ' ಎಂಬ ಶಬ್ದ ಕೇಳಿಸಿತು. "ಏನಂದ್ರಿ?" ಎಂದೆ. ಆಲಿಂಗ್ ನೆನಾ ತನ್ನ ಮುಖದ ಸುತ್ತ ಬೆರಳು ಆಡಿಸಿ ತೋರಿಸಿದಳು. "ಮುಖ!" ನನ್ನ ಕೈಯಲ್ಲಿದ್ದ ಚಮಚ ಬಿತ್ತು. ತಾಗಲೋಗ್ ಭಾಷೆಯಲ್ಲೂ ಮುಖಕ್ಕೆ ಮುಖವೇ. ಕೇಳುತ್ತ ಹೋದರೆ ಮೇಷ್ಟರು 'ಗುರೊ', ಸಾಕ್ಷಿ 'ಸಕ್ಸಿ', ಆಸೆ 'ಆಸ'. ಸಂಸ್ಕೃತದ ಮಾತುಗಳು ಹಡಗು ಹತ್ತಿ ಮಲಯಾ, ಜಾವಾ ದಾರಿಯಾಗಿ ಇಲ್ಲಿಗೆ ಬಂದಿವೆಯೆಂದು ಸುಮಿತ್ರೆ ಹೇಳಿದಳು. ನನಗೆ ಪರದೇಶದಲ್ಲಿ ಬಳಗ ಸಿಕ್ಕಷ್ಟು ಹಿಗ್ಗು. ದಿನವೂ ಒಂದು ಶಬ್ದ ಹಿಡಿದು, ನಮ್ಮದು ಎಂದು ಮೇಜಿನ ಮೇಲೆ ಬೆರಳು ಕುಟ್ಟುವುದು ಅಭ್ಯಾಸವಾಯಿತು.

ಒಂದು ಸಂಜೆ ಆಲಿಂಗ್ ನೆನಾ ಒಂದು ಗಾಜಿನ ಜಾಡಿ ತಂದಿಟ್ಟಳು. ತೆಳ್ಳಗೆ ತುರಿದ ಪರಂಗಿಕಾಯಿ, ನಡುವೆ ಹೂವಿನ ಹಾಗೆ ಕೆತ್ತಿದ ಗಜ್ಜರಿ, ಶುಂಠಿ, ಒಣದ್ರಾಕ್ಷಿ, ಎಲ್ಲ ಸಿಹಿಹುಳಿ ನೀರಿನಲ್ಲಿ ಮುಳುಗಿದ್ದವು. ಆ ಹುಳಿಯನ್ನು ತೆಂಗಿನ ಮರದ ಕಳ್ಳಿನಿಂದ ಬರಿಸುತ್ತಾರೆ. ಖಾರವಿಲ್ಲ, ಎಣ್ಣೆಯಿಲ್ಲ. ಅನ್ನದ ಜೊತೆ ಒಂದು ಚಮಚ ಹಾಕಿಕೊಂಡೆ. ನಾಲಗೆ ಒಪ್ಪಿತು.

"ಇದಕ್ಕೇನಂತಾರೆ?"

"ಅಚ್ಚಾರ."

ಬೆರಳು ಕುಟ್ಟಿದೆ. "ಅಚಾರ್! ನಮ್ಮದು!"

"ಒಂದ್ನಿಮಿಷ," ಎಂದಳು ಶಿರೀನ್, ತಟ್ಟೆ ಸರಿಸಿ. "ಇಷ್ಟು ದಿನ ಸುಮ್ಕಿದ್ದೆ. ಇದನ್ನ ಬಿಟ್ಕೊಡಲ್ಲ. ಅಚಾರ್ ಪಾರಸೀ ಮಾತು. ನಮ್ಮಿಂದ ನಿಮ್ಮ ದೇಶಕ್ಕೆ ಬಂತು."

"ನಮ್ಮನೇಲಿ ದಿನಾ ಹೇಳೋದು ನಾವು," ಎಂದು ವಾತಿ ನಡುವೆ ಬಾಯಿ ಹಾಕಿದಳು. "ಅಚಾರ್ ಅಂತ. ಇವ್ರಿಗೆ ಕೊಟ್ಟೋರು ನಾವೇ."

"ಕೊಟ್ಟೋರು ಯಾರಾದ್ರೂ ಆಗ್ಲಿ, ತುರಿದೋಳು ನಾನು," ಎಂದಳು ಆಲಿಂಗ್ ನೆನಾ. "ಜಗಳ ಆಮೇಲೆ ಆಡ್ರಿ, ಮೊದ್ಲು ಉಣ್ರಿ."

ಸುಮಿತ್ರೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಮೆಲ್ಲಗೆ ಕೇಳಿದಳು. "ದೊಡ್ಡಮ್ಮಾ, ಖರೇ ಹೇಳು. ನಮ್ಮನ್ಯಾಗೆ ಯಾವತ್ತಾದ್ರೂ ಅಚಾರ್ ಅಂದೀವಾ? ಉಪ್ಪಿನಕಾಯಿ ಅಲ್ವಾ?"

ಅವಳು ಹೇಳಿದ್ದು ನಿಜ. ನಾನು ಅಚಾರ್ ಎಂಬ ಮಾತು ಕಲಿತದ್ದು ಚಿತ್ರದುರ್ಗದಲ್ಲಿ ನಮ್ಮ ಪಕ್ಕದ ಮನೆಯ ಫಾತಿಮಾಬಿಯಿಂದ. ನಿಂಬೆಕಾಯಿಯ ಕಾಲದಲ್ಲಿ ಅವರು ಗೋಡೆಯ ಮೇಲಿಂದ ಬಟ್ಟಲು ನೀಡಿ, "ಅಕ್ಕಾ, ಅಚಾರ್ ತಗೊಳ್ರಿ," ಎನ್ನುತ್ತಿದ್ದರು. ಅದನ್ನು ಶಿರೀನ್‌ಗೆ ಹೇಳಿದೆ. ಅವಳು ಗೆದ್ದವಳ ಹಾಗೆ ನಕ್ಕಳು, ಆಮೇಲೆ, "ನಮ್ಮಮ್ಮ ಮನೇಲಿ ಅದನ್ನ ತೊರ್ಶಿ ಅಂತಾಳೆ," ಎಂದು ಒಪ್ಪಿಕೊಂಡಳು.

ಅಂದರೆ ಶಬ್ದ ಕೊಟ್ಟವರ ಅಡುಗೆಮನೆಯಲ್ಲಿ ಅದು ಹಳೆಯದಾಗಿ ಮೂಲೆ ಸೇರಿತ್ತು. ಅದನ್ನು ತನ್ನದೆಂದು ಮೇಜು ಕುಟ್ಟಿದ ನನ್ನ ಅಡುಗೆಮನೆಯೊಳಗೆ ಅದು ಕಾಲಿಟ್ಟೇ ಇರಲಿಲ್ಲ. ಜಾಡಿಯಲ್ಲಿದ್ದ ಕಾಯಿಯಾದರೂ ಯಾರದು? ಪರಂಗಿಯವರು ಎಲ್ಲೋ ಅಮೆರಿಕದ ಕಡೆಯಿಂದ ತಂದದ್ದಕ್ಕೇ ನಾವು ಅದನ್ನು ಪರಂಗಿಹಣ್ಣು ಎನ್ನುತ್ತೇವೆ.

ಆ ರಾತ್ರಿ ಎದ್ದು ಹೋಗುವ ಮುನ್ನ ಆಲಿಂಗ್ ನೆನಾ ಅಸಲು ವಿಷಯ ಹೇಳಿದಳು. ಲೀತಾಳನ್ನು ರೋಮಿ ಎಂಬ ಹುಡುಗ ಮೆಚ್ಚಿದ್ದ. ಕೆರೆಯ ಆಚೆ ದಡದ ಪಾಯೆತೆ ಎಂಬ ಊರಿನ ಮೇಷ್ಟರು. ತಂದೆ ತಾಯಿ ಇಲ್ಲದ ಅವನನ್ನು ಬೆಳೆಸಿದ್ದು ಅಜ್ಜಿ. ಲೋಲಾ ಸೆಪಾ ಎಂದು ಹೆಸರು, ಲೋಲಾ ಎಂದರೆ ಅಜ್ಜಿ. ಮುಂದಿನ ಭಾನುವಾರ ಅವರು ಹೆಣ್ಣು ಕೇಳಲು ಬರುವವರಿದ್ದರು. ಇಲ್ಲಿ ಗಂಡಿನ ಕಡೆಯವರೇ ಅಡುಗೆ ಹೊತ್ತು ತರುತ್ತಾರೆ. ಹೆಣ್ಣಿನ ಮನೆಯಲ್ಲಿ ಉಪ್ಪಿಟ್ಟು ಕೇಸರಿಬಾತು ತಿಂದು, ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಎಂದು ಎದ್ದು ಹೋಗುವ ನಮ್ಮ ಕಡೆಯವರು ಇದನ್ನು ಬಂದು ನೋಡಬೇಕು. ಆದರೆ ಲೋಲಾ ಸೆಪಾಗೆ ಈ ಸಂಬಂಧ ಮನಸ್ಸಿಗೆ ಬಂದಿರಲಿಲ್ಲ.

"ಟೈಪ್ ಹೊಡಿಯೋ ಬೆರಳು ಅಂತ ಹಂಗಿಸ್ತಾಳೆ ಮುದುಕಿ," ಎಂದಳು ಆಲಿಂಗ್ ನೆನಾ. "ಹೇಳಿ ಕಳಿಸೌಳೆ: ಅಡುಗೆ ನಾವ್ ತರ್ತೀವಿ, ಅಚ್ಚಾರ ಮಾತ್ರ ಹುಡುಗಿ ತನ್ ಕೈಯಾರೆ ಮಾಡಿರ್ಬೇಕು. ತಿಂದು ನೋಡಿ ಹೇಳ್ತೀನಿ, ಅಂತ."

"ರೋಮಿ ಏನಂತಾನೆ?" ಎಂದೆ.

ಲೀತಾ ತಟ್ಟೆ ಜೋಡಿಸುತ್ತ ಹೇಳಿದಳು, "ಅವನು ಅಜ್ಜಿ ಮಾತು ಮೀರಲ್ಲ. ಮೀರಿದ್ರೆ ನಂಗೂ ಅವನು ಬ್ಯಾಡ."

ಬಿರುಗಾಳಿ, ಆಮೇಲೆ ಬಿಸಿಲು

ಆ ವಾರ ಚಂಡಮಾರುತ ಬಂತು. ನಮ್ಮ ಬಯಲುಸೀಮೆಯಲ್ಲಿ ಗಾಳಿಯೆಂದರೆ ಕಣ್ಣಿಗೆ ಧೂಳು ಬೀಳುವುದು, ಅಷ್ಟೆ. ಇದು ಮನೆಯನ್ನೇ ಹಿಡಿದು ಅಲ್ಲಾಡಿಸಿ ಒಳಗೆ ಯಾರಿದ್ದೀರಿ ಎಂದು ಕೇಳುವ ಗಾಳಿ. ತೆಂಗಿನ ಮರಗಳು ಬಾಗಿ ಎದ್ದವು. ಪರಂಗಿ ಗಿಡಗಳಿಗೆ ಆ ಚಾಕಚಕ್ಯತೆಯಿಲ್ಲ. ಊರಿನಲ್ಲಿದ್ದವೆಲ್ಲ ನೆಲಕ್ಕೆ ಮಲಗಿದವು. ನಮ್ಮ ಹಿತ್ತಲಿನ ಗಿಡವೂ ಬಿತ್ತು. ಬಿದ್ದ ಕಾಯಿಗಳನ್ನು ಆಯ್ದು ತಂದು ಲೀತಾ ಸಂಜೆಯಿಡೀ ಕೂತು ತುರಿದಳು. ಕೂದಲೆಳೆಯಷ್ಟು ತೆಳ್ಳಗೆ. ಎರಡು ಬೆರಳು ತರಚಿದವು. ಉಪ್ಪು ಬೆರೆಸಿ, ಬೋಗುಣಿಗೆ ಬಟ್ಟೆ ಮುಚ್ಚಿಟ್ಟು ಮಲಗಿದಳು.

ಮರುದಿನ ಎಲ್ಲರೂ ಕೆಲಸಕ್ಕೆ ಹೋದರು. ಆಲಿಂಗ್ ನೆನಾ ಗಾಳಿಗೆ ಸೂರು ಹಾರಿದ ತನ್ನ ತಂಗಿಯ ಮನೆಗೆ ಹೋದಳು. ನಾನೊಬ್ಬಳೇ. ಬೆಳಗಿನ ತಿಂಡಿಯ ಹೊತ್ತಿಗೆ ಮೋಡ ಹರಿದು ಬಿಸಿಲು ಬಂತು. ಎಂಥ ಬಿಸಿಲು! ವಾರದಿಂದ ಮುಖ ತೋರಿಸದ ಸೂರ್ಯ ಹಿರಿಯೂರಿನ ಚೈತ್ರದ ಹಾಗೆ ನಿಂತುಬಿಟ್ಟ.

ಬಿಸಿಲನ್ನು ಹಾಳು ಮಾಡಬಾರದು ಎಂಬುದನ್ನು ನಾವು ಯಾರಿಂದಲೂ ಹೇಳಿಸಿಕೊಂಡು ಕಲಿತವರಲ್ಲ. ಹೊಳಲ್ಕೆರೆಯ ನನ್ನ ತವರಿನಲ್ಲಿ ಬೇಸಿಗೆ ಬಂದರೆ ಮಾಳಿಗೆಯ ಮೇಲೆ ಕಾಲಿಡಲು ಜಾಗವಿರುತ್ತಿರಲಿಲ್ಲ: ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ, ಉಪ್ಪು ಸವರಿದ ನಿಂಬೆ ಹೋಳು. ಉಪ್ಪಿನಕಾಯಿಗೆ ನೀರೆಂದರೆ ವಿಷ. ಒದ್ದೆ ಚಮಚ ಮುಟ್ಟಿಸಿದ ಹುಡುಗಿಗೆ ಹಾಸ್ಟೆಲಿನಲ್ಲಿ ನಾನು ಒಂದು ವಾರ ಉಪ್ಪಿನಕಾಯಿ ನಿಲ್ಲಿಸುತ್ತಿದ್ದೆ. ಈಗ ಬೋಗುಣಿಯ ಬಟ್ಟೆ ಸರಿಸಿ ನೋಡಿದರೆ ತುರಿ ಪೂರಾ ನೀರು ಬಿಟ್ಟುಕೊಂಡಿದೆ. ಅಯ್ಯೋ, ಕೆಲಸದ ಗಡಿಬಿಡಿಯಲ್ಲಿ ಈ ಹುಡುಗಿ ಒಣಗಲು ಹಾಕುವುದನ್ನೇ ಮರೆತಳಲ್ಲ ಎನ್ನಿಸಿತು.

ಒಗೆದ ಬಿಳಿ ಸೀರೆಯೊಂದನ್ನು ತೆಗೆದೆ. ತುರಿಯನ್ನು ಗಟ್ಟಿಯಾಗಿ ಹಿಂಡಿದೆ. ಅಡುಗೆಮನೆಯ ತಗಡಿನ ಮಾಡಿಗೆ ಏಣಿ ಹಾಕಿ ಹತ್ತಿ, ಸೀರೆ ಹಾಸಿ ಎಳೆ ಎಳೆಯಾಗಿ ಹರವಿದೆ. ಪಕ್ಕದ ಮನೆಯ ಹೆಂಗಸು ಕೆಳಗಿನಿಂದ ಏನೋ ಕೂಗಿ ಕೇಳಿದಳು. ನಾನು ಅವರ ಪದ್ಧತಿಯಲ್ಲೇ ಹುಬ್ಬು ಎತ್ತಿದೆ. ಆಕೆಗೆ ಅಷ್ಟು ಸಾಕಾಯಿತು. ತಗಡು ಕೆಳಗಿನಿಂದ ಸುಡುತ್ತಿತ್ತು, ಸೂರ್ಯ ಮೇಲಿನಿಂದ. ಮಧ್ಯಾಹ್ನ ಒಮ್ಮೆ ತಿರುವಿ ಹಾಕಿದೆ. ಇಳಿಹೊತ್ತಿಗೆ ತುರಿಯೆಲ್ಲ ಸುಕ್ಕಾಗಿ, ಹೊಂಬಣ್ಣಕ್ಕೆ ತಿರುಗಿ, ಬೋಗುಣಿಯ ತಳಕ್ಕೆ ಇಳಿಯಿತು. ನಿವೃತ್ತಳಾದ ಮೇಲೆ ಮೊದಲ ಸಲ ಒಂದು ಕೆಲಸವನ್ನು ನೆಟ್ಟಗೆ ಮಾಡಿದ ತೃಪ್ತಿ ನನಗೆ.

ಸಂಜೆ ಮೊದಲು ಬಂದವಳು ಆಲಿಂಗ್ ನೆನಾ. ನಾನೇ ಬೋಗುಣಿ ಮುಂದೆ ಹಿಡಿದೆ.

"ಚೆನ್ನಾಗಿ ಒಣಗೈತೆ. ಇನ್ನೊಂದಿನ ಇಂಥ ಬಿಸಿಲು ಬಿದ್ರೆ ವರ್ಷ ಇಟ್ರೂ ಕೆಡಲ್ಲ."

"ನಾಕೂ!" ಎಂದಳು ಆಕೆ. ಅದು ಅವರ 'ಅಯ್ಯೋ ದೇವರೇ'. ಬೋಗುಣಿ ಕಸಿದುಕೊಂಡು ಒಳಗೆ ಕೈಯಾಡಿಸಿದಳು. "ಇದು... ಇದು ಅಷ್ಟೂ ಅದೇನಾ?"

ಹಿಂದಿನಿಂದ ಬಂದ ಸುಮಿತ್ರೆ ಬೋಗುಣಿಯೊಳಗೆ ಇಣುಕಿ ಹಣೆ ಚಚ್ಚಿಕೊಂಡಳು. "ದೊಡ್ಡಮ್ಮಾ, ಏನ್ ಮಾಡಿಟ್ಟಿದೀಯೇ! ಇಲ್ಲಿ ಒಣಗ್ಸಲ್ಲ. ಹಿಂಡಿ, ಹಸೀದೇ ಹುಳಿಗೆ ಹಾಕ್ತಾರೆ."

"ನೀರು ಬಿಟ್ಟಿತ್ತಲ್ಲೇ, ಬಿಸಿಲಿತ್ತಲ್ಲೇ..."

"ಬಿಸಿಲಿತ್ತು ಅಂತ ಪರಂಗಿಕಾಯಿನ ಸಂಡಿಗೆ ಮಾಡ್ತಾರೇನೇ?"

ಲೀತಾ ಬಂದಳು. ನೋಡಿದಳು. ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದಳು. ಹಾಸ್ಟೆಲಿನಲ್ಲಿ ಅಳುವ ಹುಡುಗಿಯರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅಳದೆ ನಿಂತವಳ ಮುಂದೆ ಏನು ಮಾಡಬೇಕೆಂದು ಅಲ್ಲೂ ತಿಳಿದಿರಲಿಲ್ಲ, ಇಲ್ಲೂ ತಿಳಿಯಲಿಲ್ಲ.

"ಮುದುಕಿಗೆ ನೆಪ ಬೇಕಿತ್ತು," ಎಂದಳು ಆಲಿಂಗ್ ನೆನಾ. "ಬೋಗುಣಿ ತುಂಬ ಸಿಕ್ತು."

ಕಲಂಬಾ ಸಂತೆ

ಮಾರನೆಯ ದಿನ ಲೀತಾ ಅರ್ಧ ದಿನ ರಜೆ ಹಾಕಿದಳು. "ನಾನೂ ಬರ್ತೀನಿ, ಹೋಗಾಣ," ಎಂದೆ. ಜೀಪ್ನಿ ಎಂಬ ವಾಹನ ಹತ್ತಿದೆವು. ಹಳೆಯ ಜೀಪಿನ ಬಾಲ ಉದ್ದ ಮಾಡಿ, ಮದುವೆಯ ಎತ್ತಿನ ಹಾಗೆ ಬಣ್ಣ, ಗೊಂಡೆ, ಕನ್ನಡಿಗಳಿಂದ ಸಿಂಗರಿಸಿರುತ್ತಾರೆ. ಎದುರುಬದುರು ಮೊಳಕಾಲು ತಾಗಿಸಿ ಕೂರಬೇಕು. ನನ್ನ ಎದುರಿನವನ ಮಡಿಲಲ್ಲಿ ಒಂದು ಹುಂಜ. ಅದು ದಾರಿಯುದ್ದಕ್ಕೂ ನನ್ನ ಸೀರೆಯ ಅಂಚನ್ನೇ ನೋಡುತ್ತಿತ್ತು.

ಸಂತೆಯಲ್ಲಿ ಎಳೆಯ ಪರಂಗಿಕಾಯಿ ಕೇಳಿದರೆ ಒಬ್ಬಾಕೆ ತುಟಿ ಮುಂದೆ ಚಾಚಿ ಎಡಗಡೆ ತೋರಿಸಿದಳು. ಇಲ್ಲಿ ದಾರಿ ತೋರುವುದು ಬೆರಳಿನಿಂದಲ್ಲ, ತುಟಿಯಿಂದ. ಎಡಗಡೆಯಾಕೆ ತುಟಿ ಚಾಚಿ ಬಲಗಡೆ ತೋರಿಸಿದಳು. ಬಲಗಡೆಯಾಕೆ ನಕ್ಕಳು. "ಎಲ್ಲಾ ಗಾಳಿ ತಿಂದು ಹೋಯ್ತಲ್ಲ, ಮಗಳೇ. ಬಿದ್ದಿದ್ದು ಬಿದ್ದ ದಿನವೇ ಮಾರಿ ಹೋಯ್ತು. ಹಣ್ಣಾಗಿರೋದು ಬೇಕಾ?"

ಹಣ್ಣು ಯಾರಿಗೆ ಬೇಕು? ಗಜ್ಜರಿ, ಶುಂಠಿ ಕೊಂಡು ತಿರುಗಿದೆವು. ಬರುವಾಗ ಹುಂಜವಿರಲಿಲ್ಲ, ಮಾತಾಡಲು ಬಿಡುವಿತ್ತು.

"ಲೀತಾ, ನಾನು ಕೆಡಿಸಿದೆ. ಆ ಅಜ್ಜಿಗೆ ನಾನೇ ಹೇಳ್ತೀನಿ."

"ಅಮ್ಮ ಬ್ಯಾಡ ಅಂದೌಳೆ. ಏನೂ ಹೇಳ್ಬಾರ್ದಂತೆ, ಸುಮ್ನೆ ಜಾಡಿ ಇಡ್ಬೇಕಂತೆ." ಶುಂಠಿಯ ಪೊಟ್ಟಣ ಮಡಿಲಿಗೆ ಎಳೆದುಕೊಂಡು ಕೇಳಿದಳು, "ನಿಮ್ಮೂರಲ್ಲಿ ಹುಡುಗೀನ ಹೆಂಗೆ ನೋಡ್ತಾರೆ?"

ಹೇಳಿದೆ. ತಟ್ಟೆ ತರಿಸುತ್ತಾರೆ, ಹಾಡಿಸುತ್ತಾರೆ, ನಡೆಸಿ ನೋಡುತ್ತಾರೆ, ಜಡೆ ಸ್ವಂತದ್ದೋ ಎಂದು ಎಳೆದು ನೋಡುವವರೂ ಉಂಟು.

"ಜಡೆ ಎಳೀತಾರಾ!" ಲೀತಾ ತನ್ನ ಕತ್ತರಿಸಿದ ಕೂದಲು ಮುಟ್ಟಿಕೊಂಡು, ಹಿಂದಿನ ಸಂಜೆಯಿಂದ ಮೊದಲ ಬಾರಿಗೆ ನಕ್ಕಳು. "ನಮ್ಮಲ್ಲೇ ವಾಸಿ. ತುರಿದ್ರೆ ಸಾಕು."

ಮನೆಗೆ ಬಂದವಳೇ ಒಲೆ ಹಚ್ಚಿದಳು. "ಏನ್ ಮಾಡ್ತೀಯೇ?" ಎಂದಳು ತಾಯಿ. "ಇರೋದನ್ನ ಮಾಡ್ತೀನಿ," ಎಂದಳು. ತೆಂಗಿನ ಹುಳಿಗೆ ಸಕ್ಕರೆ, ಉಪ್ಪು ಹಾಕಿ ಕುದಿಸಿದಳು. ಗಜ್ಜರಿಯ ಹೂವುಗಳನ್ನು ಕೆತ್ತಿದಳು. ಒಣಗಿದ ತುರಿಯನ್ನು ಜಾಡಿಗೆ ತುಂಬಿ ಬಿಸಿ ಹುಳಿ ಸುರಿದಳು. ಜಾಡಿ ಅರ್ಧಕ್ಕೆ ನಿಂತಿತು. ಭಾನುವಾರದವರೆಗೆ ಅದನ್ನು ಯಾರೂ ತೆರೆಯಲಿಲ್ಲ. ರುಚಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

ಭಾನುವಾರ

ಅವರು ಚರ್ಚಿನಿಂದ ನೇರ ಬಂದರು. ರೋಮಿ ತೆಳ್ಳಗೆ, ಬೆವರುತ್ತ, ಎರಡೂ ಕೈಯಲ್ಲಿ ಪಾತ್ರೆಗಳು. ಅವನ ಚಿಕ್ಕಪ್ಪಂದಿರ ಕೈಯಲ್ಲಿ ಇನ್ನಷ್ಟು. ಎಲ್ಲರಿಗಿಂತ ಮುಂದೆ ಲೋಲಾ ಸೆಪಾ. ನನ್ನ ಭುಜದಷ್ಟು ಎತ್ತರ, ನೆಟ್ಟಗಿನ ಬೆನ್ನು, ಗಂಜಿ ಹಾಕಿದ ರವಿಕೆ. ಮನೆಯೊಳಗೆ ಬರುತ್ತಲೇ ನೆಲದ ಹೊಳಪು ನೋಡಿದಳು, ಕಿಟಕಿಯ ಮೂಲೆ ನೋಡಿದಳು. ತಪಾಸಣೆ ಮಾಡುವವರನ್ನು ನಾನು ಗುರುತಿಸಬಲ್ಲೆ.

ಮೇಜಿನ ತುಂಬ ಅವರು ತಂದ ಅಡುಗೆ. ಹಂದಿ, ಮೀನು ಬಿಟ್ಟು ನಾನು ಅನ್ನ, ಹುರಿದ ತರಕಾರಿ ಹಾಕಿಕೊಂಡೆ. ನಡುವೆ ಆ ಅರ್ಧ ಜಾಡಿ. ಮಾತು ಬೆಳೆಸಲೆಂದು ಶಿರೀನ್, "ಲೋಲಾ, ಅಚ್ಚಾರ ಅನ್ನೋ ಮಾತು ನಮ್ಮ ಇರಾನಿಂದು, ಗೊತ್ತಾ?" ಎಂದಳು.

ಲೋಲಾ ಸೆಪಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮೂರಾಗೆ ಅದಕ್ಕೆ ಪರಂಗಿಕಾಯಿ ಹಾಕ್ತೀರಾ?"

"ಇಲ್ಲ."

"ತೆಂಗಿನ ಹುಳಿ?"

"ಇಲ್ಲ."

"ಮತ್ತೆ?" ಎಂದಳು ಅಜ್ಜಿ. ಅಲ್ಲಿಗೆ ಆ ವ್ಯಾಜ್ಯ ಮುಗಿಯಿತು. ಕೋರ್ಟಿನಲ್ಲೂ ಇಷ್ಟು ಬೇಗ ತೀರ್ಪು ಬರುವುದನ್ನು ನಾನು ಕಂಡಿಲ್ಲ.

ಆಮೇಲೆ ಆಕೆ ಜಾಡಿ ಎಳೆದುಕೊಂಡಳು. ಒಂದು 'ಹೂವು' ಎತ್ತಿ ನೋಡಿ ತಟ್ಟೆಯ ಅಂಚಿಗಿಟ್ಟಳು. ಒಂದು ಚಮಚ ತುರಿ ಬಾಯಿಗಿಟ್ಟಳು. ಅಗಿದಳು. ಕಟುಂ ಕಟುಂ ಎಂಬ ಸದ್ದು ಮೇಜಿನ ಈ ತುದಿಗೂ ಕೇಳಿಸಿತು. ರೋಮಿ ಉಣ್ಣುವುದನ್ನು ನಿಲ್ಲಿಸಿದ.

"ಇದು ಬಿಸಿಲು ಕಂಡೈತೆ," ಎಂದಳು ಲೋಲಾ ಸೆಪಾ.

ಆಲಿಂಗ್ ನೆನಾ ತಟ್ಟೆಯೊಳಗೆ ಮುಖ ಇಳಿಸಿದಳು. ಲೀತಾ ಬಾಯಿ ತೆರೆಯುವಷ್ಟರಲ್ಲಿ ನಾನು ಎದ್ದು ನಿಂತಿದ್ದೆ. ಸುಮಿತ್ರೆ ಸೆರಗು ಜಗ್ಗಿದಳು, ಕೂರಲಿಲ್ಲ.

"ಬಿಸಿಲಿಗೆ ಹಾಕಿದ್ದು ನಾನು," ಎಂದೆ. "ಅವಳಿಗೆ ಗೊತ್ತಿರ್ಲಿಲ್ಲ. ತುರಿದಿದ್ದು, ಹೂ ಕೆತ್ತಿದ್ದು, ಹುಳಿ ಕುದಿಸಿದ್ದು ಅವಳೇ. ತಪ್ಪು ನನ್ನದು, ಅವಳ ತಲೆಗೆ ಕಟ್ಬ್ಯಾಡ್ರಿ."

"ಯಾಕ್ ಹಾಕಿದ್ರಿ?"

ಹೊಳಲ್ಕೆರೆಯ ಮಾಳಿಗೆಯಿಂದ ಶುರು ಮಾಡಲೆ? "ಬಿಸಿಲಿತ್ತು," ಎಂದೆ. "ಅದಕ್ಕೆ."

ಅಜ್ಜಿ ನನ್ನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಲೀತಾಳ ಕಡೆ ತಿರುಗಿದಳು. "ಇದನ್ನ ನೋಡಿ ನೀನ್ಯಾಕೆ ಎಸೀಲಿಲ್ಲ?"

"ಎಸೆಯೋಕೆ ಏನಾಗಿತ್ತು, ಲೋಲಾ? ಒಣಗಿತ್ತು, ಕೆಟ್ಟಿರ್ಲಿಲ್ಲ."

"ಬೇರೆ ಮನೆಯೋರು ಮಾಡಿದ್ದನ್ನ ತಂದು ಇಟ್ಟಿದ್ರೆ ನಂಗೆ ಗೊತ್ತಾಗ್ತಿತ್ತಾ?"

"ನಿಮಗೆ ಗೊತ್ತಾಗ್ತಿತ್ತೋ ಇಲ್ವೋ, ನಂಗೆ ಗೊತ್ತಾಗ್ತಿತ್ತಲ್ಲ."

ಲೋಲಾ ಸೆಪಾ ಹುಡುಗಿಯ ಕೈ ಎಳೆದುಕೊಂಡು ತರಚಿದ ಬೆರಳುಗಳನ್ನು ನೋಡಿದಳು. "ದಪ್ಪ ತುರಿದಿದ್ರೆ ಬಿಸಿಲಿಗೆ ನಾರಾಗ್ತಿತ್ತು," ಎಂದಳು, ಯಾರಿಗೂ ಅಲ್ಲದ ಹಾಗೆ. "ಹಿಂದೆ ನಮ್ಮಮ್ಮ ಹಿಂಗೇ ಮಾಡ್ತಿದ್ಲು, ತಗಡಿನ ಮೇಲೆ ಹಾಕಿ. ಈಗಿನೋರಿಗೆ ಪುರಸೊತ್ತಿಲ್ಲ. ಬಟ್ಟೆಗೆ ಹಾಕಿ ಹಿಂಡ್ತಾರೆ, ಮುಗೀತು. ನಾನೂ ಹಿಂಡ್ತೀನಿ." ಇನ್ನೊಂದು ಚಮಚ ಹಾಕಿಕೊಂಡಳು. ಅದನ್ನು ಪೂರ್ತಿ ಅಗಿದು ಮುಗಿಸುವವರೆಗೆ ನಾವೆಲ್ಲ ಕಾದೆವು. ನಾನು ನಿಂತೇ ಇದ್ದೆ.

"ಕುಂತ್ಕಳ್ರಿ," ಎಂದಳು ನನಗೆ. ಆಮೇಲೆ ಆಲಿಂಗ್ ನೆನಾಳ ಕಡೆ ತಿರುಗಿ, "ಮದುವೆ ಏಪ್ರಿಲ್ನಾಗೆ ಇಟ್ಕಳಾಣ," ಎಂದಳು.

ಆಲಿಂಗ್ ನೆನಾ ಕಣ್ಣು ಒರೆಸಿಕೊಂಡಳು, ಆಮೇಲೆ ತಾಯಿಯಾಗಿ ಚೌಕಾಸಿಗೆ ಇಳಿದಳು. "ಏಪ್ರಿಲ್ ಯಾಕೆ, ಅಷ್ಟು ದೂರ? ಕ್ರಿಸ್ಮಸ್ ಕಳೆದ ಕೂಡ್ಲೇ ಮಾಡಾಣ. ಎಲ್ರೂ ಊರಲ್ಲೇ ಇರ್ತಾರೆ."

"ಊರಿಗೆಲ್ಲಾ ಬಡಿಸೋವಷ್ಟು ಪರಂಗಿಕಾಯಿ ಒಣಗ್ಬೇಕು," ಎಂದಳು ಲೋಲಾ ಸೆಪಾ, ಜಾಡಿಯ ಮುಚ್ಚಳ ಬಿಗಿ ಮಾಡುತ್ತ. "ಕ್ರಿಸ್ಮಸ್ ಬಿಸಿಲಿಗೆ ಒಣಗ್ತೈತಾ?"